ಮೊದಲ ಲೇಖನ ಅಳಿಸಿಹೋದ ಮೇಲೆ

ವಿಕಿಪೀಡಿಯಕ್ಕೆ ಹೊಸದಾಗಿ ಬಂದವರ ಮೊದಲ ಲೇಖನ ಹೆಚ್ಚಾಗಿ ಅವರ ಊರಿನದೋ, ಊರ ದೇವಸ್ಥಾನದ್ದೋ, ಓದಿದ ಶಾಲೆಯದೋ, ಮೆಚ್ಚಿದ ಮೇಷ್ಟರದೋ ಆಗಿರುತ್ತದೆ. ಪ್ರಕೃತಿಯ ಮಡಿಲಲ್ಲಿರುವ ಸುಂದರ ಗ್ರಾಮ ಎಂದು ಶುರುಮಾಡಿ, ಜಾತ್ರೆಯ ವೈಭವ ಬಣ್ಣಿಸಿ, ಸ್ಥಳಪುರಾಣ ಹೇಳಿ, ಗೂಗಲ್‌ನಲ್ಲಿ ಸಿಕ್ಕಿದ ಒಂದು ಫೋಟೊ ಅಂಟಿಸಿ ಪ್ರಕಟಿಸುತ್ತಾರೆ. ಬಂಧುಬಳಗದ ವಾಟ್ಸ್‌ಆ್ಯಪ್ ಗುಂಪಿಗೆಲ್ಲ ಲಿಂಕ್ ಹೋಗುತ್ತದೆ. ಸಂಜೆಗೆ ನೋಡಿದರೆ ಫೋಟೊ ಇಲ್ಲ. ಮರುದಿನ ಅರ್ಧ ಲೇಖನವೇ ಇಲ್ಲ. ಚರ್ಚೆಪುಟದಲ್ಲಿ ಯಾರೋ ಅಪರಿಚಿತರು ಹಾಕಿಹೋದ ಎಚ್ಚರಿಕೆ ಮಾತ್ರ ಉಳಿದಿರುತ್ತದೆ: ಉಲ್ಲೇಖಗಳಿಲ್ಲ, ಕೃತಿಸ್ವಾಮ್ಯ ಉಲ್ಲಂಘನೆಯಾಗಿದೆ, ಬರವಣಿಗೆ ಜಾಹೀರಾತಿನಂತಿದೆ.

ಬಹಳ ಜನ ಮತ್ತೆ ಇತ್ತ ತಲೆಹಾಕುವುದಿಲ್ಲ.

ಅಳಿಸಿದವರು ಕೆಟ್ಟವರೇನಲ್ಲ. 2001ರ ಜನವರಿ 15ರಂದು ಜಿಮ್ಮಿ ವೇಲ್ಸ್ ಮತ್ತು ಲ್ಯಾರಿ ಸ್ಯಾಂಗರ್ ಶುರುಮಾಡಿದ ಈ ವಿಶ್ವಕೋಶ, ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು ಎಂಬ ಮಾತಿನ ಬಲದಿಂದಲೇ ಬೆಳೆಯಿತು. ಅದು ಬೆಳೆದಂತೆ ನಿಯಮಗಳೂ ಬೆಳೆದವು. ಬರೆದದ್ದಕ್ಕೆ ಆಧಾರ ಕೊಡಬೇಕು, ಹೊಗಳಿಕೆ ತೆಗಳಿಕೆ ಕೂಡದು, ಸ್ವಂತ ಸಂಶೋಧನೆಗೆ ಇದು ಜಾಗವಲ್ಲ, ಇನ್ನೊಬ್ಬರ ಬರಹ ಎತ್ತಿ ಹಾಕಬಾರದು, ತನ್ನ ಬಗ್ಗೆ ತಾನೇ ಬರೆದುಕೊಳ್ಳಬಾರದು. ಒಂದೊಂದೂ ನ್ಯಾಯವಾದದ್ದೇ. ಆದರೆ ಇವನ್ನೆಲ್ಲ ಓದಿ ಮನನ ಮಾಡಿಕೊಂಡು ಆಮೇಲೆ ಬರೆಯಲು ಕೂರುವವರು ಎಲ್ಲಿದ್ದಾರೆ? ಬರೆದು, ಎಡವಿ, ಯಾರಾದರೂ ಹೇಳಿಕೊಟ್ಟ ಮೇಲೆ ಕಲಿಯುವುದೇ ರೂಢಿ. ಹೀಗೆ ಹೇಳಿಕೊಡುವುದನ್ನೇ ಕೆಲಸವಾಗಿ ಹಚ್ಚಿಕೊಂಡ ಸ್ವಯಂಸೇವಕರು ಜಗತ್ತಿನಾದ್ಯಂತ ಇದ್ದಾರೆ. ಅವರಿಗೆ ಸಂಬಳವಿಲ್ಲ, ಬರೆದ ಲೇಖನದ ಕೆಳಗೆ ಹೆಸರೂ ಇರುವುದಿಲ್ಲ. ವಿಕಿಪೀಡಿಯ ಇಂದಿಗೂ ಉಳಿದುಕೊಂಡಿರುವುದರಲ್ಲಿ ತಂತ್ರಜ್ಞರಿಗಿರುವಷ್ಟೇ ಪಾಲು ಇವರಿಗೂ ಇದೆ.

ಇವರ ಅಗತ್ಯ ಎದ್ದು ಕಂಡದ್ದು ಇಂಗ್ಲಿಷ್ ವಿಕಿಪೀಡಿಯ ಸೊರಗತೊಡಗಿದಾಗ. ಅಲ್ಲಿ ತಿಂಗಳಿಗೆ ಐದು ಸಲವಾದರೂ ತಿದ್ದುಪಡಿ ಮಾಡುವವರ ಸಂಖ್ಯೆ 2007ರಲ್ಲಿ 50,000 ದಾಟಿತ್ತು. ಆಮೇಲೆ ಇಳಿಯುತ್ತ ಇಳಿಯುತ್ತ 2013ರ ಹೊತ್ತಿಗೆ 31,000ದ ಆಸುಪಾಸಿಗೆ ಬಂತು. ಬರೆಯುವ ವಿಷಯವೇ ಮುಗಿಯಿತೇನೋ ಎಂದು ಕೆಲವರು ಅಂದುಕೊಂಡರು. ಏರನ್ ಹಾಫೇಕರ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯೇ ಕಾರಣ ಹೇಳಿತು. ಹೊಸದಾಗಿ ಬರುವವರಲ್ಲಿ ಸದುದ್ದೇಶದವರು ಮೊದಲಿನಷ್ಟೇ ಇದ್ದರು, ಬದಲಾದದ್ದು ಅವರನ್ನು ಎದುರುಗೊಳ್ಳುವ ರೀತಿ. ಕಿಡಿಗೇಡಿಗಳ ಹಾವಳಿ ತಡೆಯಲು ಬಂದ ಸಾಧನಗಳಿಂದ ಒಂದೇ ಕ್ಲಿಕ್ಕಿಗೆ ತಿದ್ದುಪಡಿ ರದ್ದುಮಾಡಿ, ಸಿದ್ಧ ಎಚ್ಚರಿಕೆಯೊಂದನ್ನು ರವಾನಿಸಬಹುದಿತ್ತು. ಬೇಕೆಂದೇ ಕೆಡಿಸುವವರಿಗೂ ತಿಳಿಯದೆ ತಪ್ಪಿದವರಿಗೂ ಒಂದೇ ಶಾಸ್ತಿಯಾಯಿತು. ಹೊಸಬರ ಮೇಲೆ ಹರಿಹಾಯಬೇಡಿ ಎಂಬ ಮಾರ್ಗಸೂಚಿ ಅಲ್ಲಿ ಮೊದಲಿನಿಂದಲೂ ಇತ್ತು. ಪಾಲಿಸುವ ವ್ಯವಧಾನ ಇರಲಿಲ್ಲ, ಅಷ್ಟೇ.

ಹೊಸಬರು ಹೀಗೆ ಬೇಸತ್ತು ದೂರವಾಗುತ್ತಿದ್ದುದಕ್ಕೆ ಉತ್ತರವಾಗಿ, ಆ ಅಧ್ಯಯನ ಪ್ರಕಟವಾಗುವ ಮೊದಲೇ, 2012ರ ಫೆಬ್ರುವರಿಯಲ್ಲಿ ಇಂಗ್ಲಿಷ್ ವಿಕಿಪೀಡಿಯದಲ್ಲಿ ಹುಟ್ಟಿದ್ದು 'ಟೀಹೌಸ್'. ಹೆಸರು ಚಹಾದಂಗಡಿಯದು, ಕೆಲಸ ಹೊಸಬರ ಪ್ರಶ್ನೆಗಳಿಗೆ ಉತ್ತರ ಕೊಡುವುದು. ಅದಕ್ಕೂ ಮೊದಲು ಸಹಾಯದ ಪುಟಗಳು ಇರಲಿಲ್ಲವೆಂದಲ್ಲ. ಅವು ಕಾನೂನು ಪುಸ್ತಕದ ಹಾಗಿದ್ದವು. ಟೀಹೌಸ್‌ನಲ್ಲಿ ಉತ್ತರಿಸುವವರಿಗೆ ಕೆಲವು ರಿವಾಜುಗಳಿವೆ. ಮೊದಲು ನಮಸ್ಕಾರ ಹೇಳಬೇಕು. ಪಳಗಿದವರ ಸಂಕೇತಭಾಷೆ ಬಳಸದೆ ಬಿಡಿಸಿ ಹೇಳಬೇಕು. ನಿಯಮದ ಪುಟಕ್ಕೆ ಕೊಂಡಿಯೊಂದನ್ನು ಎಸೆದು ಕೈತೊಳೆದುಕೊಳ್ಳಬಾರದು. ಆ ಕಾಲಕ್ಕೆ ವಿಕಿಪೀಡಿಯದಲ್ಲಿ ಬರೆಯುವವರಲ್ಲಿ ಮಹಿಳೆಯರು ನೂರಕ್ಕೆ ಹತ್ತರಷ್ಟೂ ಇಲ್ಲ ಎಂದು 2011ರ ಸಮೀಕ್ಷೆ ತೋರಿಸಿತ್ತು. ಮಹಿಳೆಯರೂ ಅಳುಕಿಲ್ಲದೆ ಬಂದು ಕೇಳುವಂತಾಗಬೇಕು ಎಂಬುದು ಈ ಜಾಗವನ್ನು ರೂಪಿಸಿದವರ ಆಶಯವಾಗಿತ್ತು.

ಟೀಹೌಸ್‌ಗೆ ಆಹ್ವಾನ ಕಳಿಸುವ ಕೆಲಸಕ್ಕೆ ಒಂದು ಬಾಟ್, ಅಂದರೆ ತಾನಾಗಿಯೇ ಕೆಲಸ ಮಾಡುವ ತಂತ್ರಾಂಶ, ಇದೆ. ಹೊಸದಾಗಿ ಖಾತೆ ತೆರೆದು ಒಂದಷ್ಟು ತಿದ್ದುಪಡಿ ಮಾಡಿದವರನ್ನು ಅದು ಗುರುತಿಸಿ, ಬನ್ನಿ, ಏನಾದರೂ ಕೇಳುವುದಿದ್ದರೆ ಕೇಳಿ ಎಂದು ಅವರ ಪುಟದಲ್ಲಿ ಬರೆಯುತ್ತದೆ. ಇದರಿಂದ ನಿಜಕ್ಕೂ ಉಪಯೋಗವಿದೆಯೇ ಎಂದು ಜೊನಾಥನ್ ಮಾರ್ಗನ್ ಮತ್ತು ಹಾಫೇಕರ್ 2018ರಲ್ಲಿ ಲೆಕ್ಕ ಹಾಕಿದರು. ಆಹ್ವಾನ ಪಡೆದ ಹೊಸಬರನ್ನೂ ಪಡೆಯದ ಹೊಸಬರನ್ನೂ ಹೋಲಿಸಿದಾಗ, ಕರೆ ಬಂದವರು ವಾರಗಳು, ತಿಂಗಳುಗಳು ಕಳೆದ ಮೇಲೂ ಬರೆಯುತ್ತಿರುವ ಸಾಧ್ಯತೆ ಹೆಚ್ಚೆಂದು ಕಂಡಿತು. ವ್ಯತ್ಯಾಸ ಭಾರಿಯಾದದ್ದಲ್ಲ. ಆದರೆ ನಾಲ್ಕು ಸಾಲಿನ ಸ್ವಾಗತಕ್ಕೆ ಅಷ್ಟು ಫಲ ಸಿಕ್ಕರೆ ಅದು ಕಡಿಮೆ ಲಾಭವೇ?

ಅಲ್ಲಿಗೆ ಬರುವ ಪ್ರಶ್ನೆಗಳೂ ಸ್ವಾರಸ್ಯದವು. ನಮ್ಮ ಅಜ್ಜನ ಹುಟ್ಟಿದ ದಿನ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು, ಅದಕ್ಕೂ ಪುರಾವೆ ಕೇಳುತ್ತೀರಲ್ಲ ಎಂಬ ಧಾಟಿಯದು ಮುಗಿಯದ ಪ್ರಶ್ನೆ. ಇದಕ್ಕೆ ಉತ್ತರ ಕೊಡುವುದು ಕಷ್ಟ, ಏಕೆಂದರೆ ಕೇಳುವವರ ಮಾತು ನಿಜವೇ ಇರುತ್ತದೆ. ಅಮೆರಿಕದ ಹೆಸರಾಂತ ಕಾದಂಬರಿಕಾರ ಫಿಲಿಪ್ ರಾತ್ ಕೂಡ 2012ರಲ್ಲಿ ಇದೇ ಗೋಡೆಗೆ ಹಾಯ್ದರು. ತಮ್ಮ 'ದಿ ಹ್ಯೂಮನ್ ಸ್ಟೇನ್' ಕಾದಂಬರಿಗೆ ಯಾರು ಸ್ಫೂರ್ತಿ ಎಂಬ ಬಗ್ಗೆ ವಿಕಿಪೀಡಿಯದಲ್ಲಿದ್ದ ಮಾತು ತಪ್ಪೆಂದು ಅವರು ತಿಳಿಸಿದರೆ, ಬೇರೆ ಪ್ರಕಟಿತ ಆಧಾರ ಬೇಕು ಎಂಬ ಉತ್ತರ ಬಂತು. ಕೃತಿ ಬರೆದವನ ಮಾತೇ ಸಾಲದೇ ಎಂದು ಕೆರಳಿದ ರಾತ್ 'ದಿ ನ್ಯೂಯಾರ್ಕರ್' ಪತ್ರಿಕೆಯಲ್ಲಿ ಉದ್ದನೆಯ ಬಹಿರಂಗ ಪತ್ರವನ್ನೇ ಪ್ರಕಟಿಸಿದರು. ಆ ಪತ್ರವೇ ಪ್ರಕಟಿತ ಆಧಾರವಾಗಿ ಲೇಖನ ತಿದ್ದುಪಡಿಯಾಯಿತು! ಖಾತೆ ತೆರೆದು ಬರೆಯುವವರು ಯಾರೆಂದು ಓದುಗರಿಗೆ ಗೊತ್ತಾಗುವ ದಾರಿಯಿಲ್ಲ, ಆದ್ದರಿಂದ ಬರೆದವರನ್ನು ನಂಬುವ ಬದಲು ಆಧಾರವನ್ನು ನಂಬುವ ಪದ್ಧತಿ ಬಂದಿದೆ ಎಂದು ಬಿಡಿಸಿ ಹೇಳಿದರೆ ಹೆಚ್ಚಿನವರು ಒಪ್ಪುತ್ತಾರೆ. ರಾತ್‌ಗೆ ಹಾಗೆ ಬಿಡಿಸಿ ಹೇಳುವವರು ಸಿಗಲಿಲ್ಲವೆಂದು ತೋರುತ್ತದೆ.

ಬರಿಯ ನಿಯಮಪಾಲನೆ ಎಲ್ಲಿ ಸೋಲುತ್ತದೆ ಎಂಬುದಕ್ಕೆ ಡೊನ್ನಾ ಸ್ಟ್ರಿಕ್ಲೆಂಡ್ ಪ್ರಸಂಗ ನೋಡಬೇಕು. ಕೆನಡಾದ ಈ ಭೌತವಿಜ್ಞಾನಿಯ ಬಗ್ಗೆ ಯಾರೋ ಒಬ್ಬರು ಕರಡು ಲೇಖನ ಸಲ್ಲಿಸಿದ್ದರು. 2018ರ ಮೇ ತಿಂಗಳಲ್ಲಿ ಅದು ತಿರಸ್ಕೃತವಾಯಿತು. ಕೊಟ್ಟ ಆಧಾರಗಳು ಸಾಲವು, ಸ್ವತಂತ್ರ ಮೂಲಗಳು ಬೇಕು ಎಂಬುದು ಕಾರಣ. ಅದೇ ವರ್ಷ ಅಕ್ಟೋಬರ್ 2ರಂದು ಸ್ಟ್ರಿಕ್ಲೆಂಡ್‌ಗೆ ಭೌತಶಾಸ್ತ್ರದ ನೊಬೆಲ್ ಬಂತು. ಆ ಪ್ರಶಸ್ತಿ ಪಡೆದ ಮೂರನೆಯ ಮಹಿಳೆ ಅವರು. ಜಗತ್ತೆಲ್ಲ ವಿಕಿಪೀಡಿಯಕ್ಕೆ ಹೋಗಿ ಹುಡುಕಿದರೆ ಅಲ್ಲಿ ಪುಟವೇ ಇರಲಿಲ್ಲ. ಪರಿಶೀಲಿಸಿದವರು ನಿಯಮ ಮೀರಿರಲಿಲ್ಲ ನಿಜ. ಆದರೆ ಸ್ಟ್ರಿಕ್ಲೆಂಡ್ 2013ರಲ್ಲಿ ಆಪ್ಟಿಕಲ್ ಸೊಸೈಟಿಯ ಅಧ್ಯಕ್ಷೆಯಾಗಿದ್ದವರು; ಅರ್ಧ ಗಂಟೆ ಹುಡುಕಿ, ಇಂಥ ಆಧಾರ ಸೇರಿಸಿ ಮತ್ತೆ ಕಳಿಸಿ ಎಂದು ಕರಡು ಬರೆದವರಿಗೆ ಹೇಳಿದ್ದರೆ ಸಾಕಿತ್ತು. ತೀರ್ಪು ಕೊಡುವುದಕ್ಕೂ ದಾರಿ ತೋರಿಸುವುದಕ್ಕೂ ಇರುವ ಅಂತರ ಅಷ್ಟೇ.

ಹೊಸಬರನ್ನು ಕರೆತರುವ ಉತ್ಸಾಹ ಒಂದೇ ಇದ್ದು, ಹೇಳಿಕೊಡುವವರು ಸಾಲದಿದ್ದರೆ ಏನಾಗುತ್ತದೆ ಎಂಬ ಪಾಠ ನಮ್ಮ ದೇಶದಲ್ಲೇ ಆಗಿದೆ. 2011ರಲ್ಲಿ ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಪ್ರತಿಷ್ಠಾನ ಪುಣೆಯ ಕಾಲೇಜುಗಳಲ್ಲಿ ಶಿಕ್ಷಣ ಯೋಜನೆಯೊಂದನ್ನು ಆರಂಭಿಸಿತು. ವಿದ್ಯಾರ್ಥಿಗಳು ಪಠ್ಯದ ಭಾಗವಾಗಿ ಇಂಗ್ಲಿಷ್ ವಿಕಿಪೀಡಿಯದಲ್ಲಿ ಬರೆಯಬೇಕಿತ್ತು. ಅವರಿಗೆ ಮಾರ್ಗದರ್ಶನ ಮಾಡಬೇಕಿದ್ದವರಲ್ಲಿ ಬಹುಪಾಲು ಜನ ತಾವೇ ಹೊಸಬರು. ಪರೀಕ್ಷೆಗೆ ಉತ್ತರ ಬರೆದು ರೂಢಿಯಾದ ಮಕ್ಕಳು ಪಠ್ಯಪುಸ್ತಕದ ಸಾಲುಗಳನ್ನು, ಜಾಲತಾಣಗಳ ಪುಟಗಳನ್ನು ಹಾಗೆಹಾಗೇ ಇಳಿಸಿದರು. ಅದನ್ನು ಗುಡಿಸಿ ಹಸನು ಮಾಡುವ ಹೊತ್ತಿಗೆ ಬೇರೆ ದೇಶಗಳ ಸ್ವಯಂಸೇವಕರು ಹೈರಾಣಾದರು. ಆ ವರ್ಷದ ನವೆಂಬರ್‌ನಲ್ಲೇ ಯೋಜನೆ ನಿಂತಿತು. ವಿದ್ಯಾರ್ಥಿಗಳನ್ನು ಬೈದು ಪ್ರಯೋಜನವಿಲ್ಲ. ನಕಲು ಮಾಡುವುದಕ್ಕೂ ಓದಿ ತನ್ನ ಮಾತಿನಲ್ಲಿ ಬರೆಯುವುದಕ್ಕೂ ಇರುವ ವ್ಯತ್ಯಾಸವನ್ನು ನಮ್ಮ ಶಾಲೆಗಳು ಎಂದು ಕಲಿಸಿದ್ದವು?

ಕನ್ನಡ ವಿಕಿಪೀಡಿಯ ಶುರುವಾದದ್ದು 2003ರ ಜೂನ್‌ನಲ್ಲಿ. ಇಂಗ್ಲಿಷಿನಲ್ಲಿ ಎಪ್ಪತ್ತು ಲಕ್ಷ ಲೇಖನಗಳಿದ್ದರೆ ಕನ್ನಡದಲ್ಲಿ ಮೂವತ್ತು ಸಾವಿರದ ಮೇಲೆ ಇವೆ. ಇಲ್ಲಿ ಟೀಹೌಸ್‌ನಂಥ ಪ್ರತ್ಯೇಕ ಪಡೆಯನ್ನು ನಿಲ್ಲಿಸುವಷ್ಟು ಜನವಿಲ್ಲ. ಕೈಬೆರಳಲ್ಲಿ ಎಣಿಸುವಷ್ಟು ನಿರ್ವಾಹಕರು, ಅವರ ಜೊತೆ ಒಂದಷ್ಟು ಹಳಬರು. ಕಾವಲುಗಾರರೂ ಅವರೇ, ಮೇಷ್ಟರೂ ಅವರೇ. ಸಮುದಾಯ ಕೂತು ಮಾತಾಡುವ ಪುಟದ ಹೆಸರು 'ಅರಳಿ ಕಟ್ಟೆ'. ಹೊಸಬರು ಅನುಮಾನ ಕೇಳುವುದೂ ಹಳಬರು ಜಗಳವಾಡುವುದೂ ಅಲ್ಲೇ.

ಕನ್ನಡದ ಹೊಸಬರ ತೊಡಕುಗಳು ಇಂಗ್ಲಿಷಿನವರಿಗೆ ಊಹೆಗೂ ನಿಲುಕವು. ಹಳೆಯ 'ನುಡಿ', 'ಬರಹ' ತಂತ್ರಾಂಶಗಳಲ್ಲಿ ಯುನಿಕೋಡ್ ಅಲ್ಲದ ಅಕ್ಷರಗಳಲ್ಲಿ ಟೈಪ್ ಮಾಡಿಟ್ಟ ಬರಹವನ್ನು ತಂದು ಅಂಟಿಸಿದರೆ ಪುಟದ ತುಂಬ ಅರ್ಥವಿಲ್ಲದ ರೋಮನ್ ಅಕ್ಷರಗಳು. ಕಂಪ್ಯೂಟರಿನಲ್ಲಿ ಕನ್ನಡ ಮೂಡಿಸುವುದು ಹೇಗೆಂದೇ ತಿಳಿಯದವರಿಗೆ, ಬೇರೆ ತಂತ್ರಾಂಶವಿಲ್ಲದೆ ವಿಕಿಪೀಡಿಯದ ಪುಟದಲ್ಲೇ ಲಿಪ್ಯಂತರಣದಿಂದಲೋ ಇನ್‌ಸ್ಕ್ರಿಪ್ಟ್ ಕೀಲಿಮಣೆಯಿಂದಲೋ ಕನ್ನಡ ಬರೆಯಬಹುದೆಂದು ತೋರಿಸಿಕೊಡಬೇಕು. ಕಾಲೇಜುಗಳಲ್ಲಿ ಕಾರ್ಯಾಗಾರ ನಡೆಸುವವರಿಗೆ ಇನ್ನೊಂದು ವಿಚಿತ್ರ ತಾಪತ್ರಯ. ಒಂದೇ ಐಪಿ ವಿಳಾಸದಿಂದ ದಿನಕ್ಕೆ ಆರು ಖಾತೆಗಳನ್ನಷ್ಟೇ ತೆರೆಯಲು ವಿಕಿಪೀಡಿಯ ಬಿಡುತ್ತದೆ. ಲ್ಯಾಬಿನ ಅಷ್ಟೂ ಕಂಪ್ಯೂಟರುಗಳು ಹೊರಜಗತ್ತಿಗೆ ಒಂದೇ ವಿಳಾಸವಾಗಿ ಕಾಣುವುದರಿಂದ ಏಳನೆಯ ವಿದ್ಯಾರ್ಥಿಗೆ ಬಾಗಿಲು ಬಂದ್! ಹಿಂದಿನ ದಿನವೇ ಮನೆಯಿಂದ ಖಾತೆ ತೆರೆದುಕೊಂಡು ಬನ್ನಿ ಎಂದು ಹೇಳುವುದನ್ನು, ಇಲ್ಲವೇ ಮುಂಚೆಯೇ ವಿನಾಯಿತಿ ಕೇಳಿಡುವುದನ್ನು ಅನುಭವಸ್ಥರು ಮರೆಯುವುದಿಲ್ಲ.

ಜನರಿಲ್ಲದೆ ಲೇಖನಗಳನ್ನಷ್ಟೇ ಸುರಿದರೆ ಏನಾದೀತು ಎಂಬುದನ್ನೂ ಕನ್ನಡ ಕಂಡಿದೆ. ಸುಮಾರು 2009ರಿಂದ 2011ರವರೆಗೆ ಗೂಗಲ್ ತನ್ನ ಅನುವಾದ ಸಲಕರಣೆಯ ಮೂಲಕ, ಹಣ ಕೊಟ್ಟು ನೇಮಿಸಿದ ಅನುವಾದಕರಿಂದ ಹಲವು ಭಾರತೀಯ ಭಾಷೆಗಳ ವಿಕಿಪೀಡಿಯಗಳಿಗೆ ಇಂಗ್ಲಿಷ್ ಲೇಖನಗಳನ್ನು ತುಂಬಿಸಿತು. ಉದ್ದುದ್ದ ಲೇಖನಗಳೇನೋ ಬಂದವು, ಆದರೆ ನಮ್ಮ ಓದುಗರು ಕೇಳದ ವಿಷಯಗಳು, ನಾಲಿಗೆಗೆ ಹತ್ತದ ವಾಕ್ಯಗಳು. ಅನುವಾದಕರು ಬರೆದರು, ಹೋದರು. ಚರ್ಚೆಪುಟಕ್ಕೆ ಬಂದು ಮಾತಾಡುವ ಸಮುದಾಯವಾಗಲಿಲ್ಲ.

ಇದಕ್ಕೆ ವ್ಯತಿರಿಕ್ತವಾದದ್ದು ತುಳುವಿನ ದಾರಿ. ತುಳು ವಿಕಿಪೀಡಿಯ 2008ರಿಂದ ಪ್ರಾಯೋಗಿಕ ಹಂತದಲ್ಲೇ ತೆವಳುತ್ತಿತ್ತು. ಕರಾವಳಿಯ ಉತ್ಸಾಹಿಗಳು ಕಾರ್ಯಾಗಾರಗಳನ್ನು ನಡೆಸಿ, ಬರೆಯುವವರನ್ನು ಒಬ್ಬೊಬ್ಬರಾಗಿ ಕೂಡಿಸಿದ ಮೇಲೆ 2016ರ ಆಗಸ್ಟ್‌ನಲ್ಲಿ ಅದು ಸ್ವತಂತ್ರ ವಿಕಿಪೀಡಿಯವಾಯಿತು. ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯ, ಮೂಡುಬಿದಿರೆಯ ಆಳ್ವಾಸ್ ಕಾಲೇಜುಗಳಲ್ಲೂ ವಿದ್ಯಾರ್ಥಿಗಳು ಕನ್ನಡದಲ್ಲಿ ಬರೆದಿದ್ದಾರೆ. ಎಲ್ಲ ಲೇಖನಗಳೂ ಚೆನ್ನಾಗಿವೆ ಎಂದರೆ ಸುಳ್ಳಾದೀತು. ಅಂಕಕ್ಕಾಗಿ ಬರೆದವರು ಪದವಿ ಮುಗಿದ ಮೇಲೆ ಕಾಣೆಯಾಗುವುದು ಎಲ್ಲ ಕಡೆಯ ಕತೆ. ಪ್ರತಿ ತಂಡದಲ್ಲಿ ಒಬ್ಬಿಬ್ಬರು ಉಳಿದುಕೊಂಡರೂ ಸಣ್ಣ ಭಾಷೆಗೆ ಅದೇ ದೊಡ್ಡದು.

ಆಧಾರ ಎಲ್ಲಿಂದ ತರುವುದು ಎಂದು ಕೇಳುವ ಕನ್ನಡಿಗರಿಗೆ ಒಂದು ಅನುಕೂಲವಾಗಿದೆ. ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು 2014ರಲ್ಲಿ ಮುಕ್ತ ಪರವಾನಗಿಯಡಿ ಬಿಟ್ಟುಕೊಟ್ಟಿತು. ಹೆಸರು ನಮೂದಿಸಿ ಅದರಿಂದ ಯಾರು ಬೇಕಾದರೂ ತೆಗೆದುಕೊಳ್ಳಬಹುದು.

ಈಚಿನ ವರ್ಷಗಳಲ್ಲಿ ಸಹಾಯದ ವಿಧಾನವೂ ಬದಲಾಗಿದೆ. ವಿಕಿಮೀಡಿಯ ಪ್ರತಿಷ್ಠಾನ 2018ರಿಂದ ಜೆಕ್, ಕೊರಿಯನ್ ವಿಕಿಪೀಡಿಯಗಳಲ್ಲಿ ಪ್ರಯೋಗಿಸಿ ಆಮೇಲೆ ಉಳಿದ ಭಾಷೆಗಳಿಗೂ ತಂದ ವ್ಯವಸ್ಥೆಯಲ್ಲಿ, ಹೊಸ ಸದಸ್ಯರಿಗೆ ಒಂದು ಮುಖಪುಟ ಸಿಗುತ್ತದೆ. ಕಾಗುಣಿತ ತಿದ್ದಿ, ಕೊಂಡಿ ಸೇರಿಸಿ ಎಂಬಂಥ ಸಣ್ಣ ಕೆಲಸಗಳನ್ನು ಅದು ಮುಂದಿಡುತ್ತದೆ. ಮಾರ್ಗದರ್ಶನಕ್ಕೆ ಹೆಸರು ಕೊಟ್ಟ ಸ್ವಯಂಸೇವಕರು ಇರುವ ಕಡೆ ಅವರಲ್ಲಿ ಒಬ್ಬರ ಹೆಸರೂ ಅಲ್ಲಿರುತ್ತದೆ. ಮೊದಲ ದಿನವೇ ಪೂರ್ತಿ ಲೇಖನಕ್ಕೆ ಕೈಹಾಕಿ ಸೋಲುವ ಬದಲು ಅಕ್ಷರ ತಿದ್ದುತ್ತ ಒಳಬರುವುದು ಜಾಣತನವೇ.

ಒಂದು ಎಚ್ಚರಿಕೆಯ ಮಾತು. ಸಹಾಯದ ಸೋಗಿನಲ್ಲಿ ಹಣ ಕೀಳುವವರೂ ಇದ್ದಾರೆ. ತಿರಸ್ಕೃತ ಕರಡುಗಳನ್ನು ಗುರುತಿಸಿ, ದುಡ್ಡು ಕೊಟ್ಟರೆ ಪ್ರಕಟಿಸಿಕೊಡುತ್ತೇವೆಂದು ಪೀಡಿಸುತ್ತಿದ್ದ ಜಾಲವೊಂದನ್ನು 2015ರಲ್ಲಿ ಇಂಗ್ಲಿಷ್ ವಿಕಿಪೀಡಿಯದ ಸ್ವಯಂಸೇವಕರೇ ಬಯಲಿಗೆಳೆದು 381 ಖಾತೆಗಳನ್ನು ನಿರ್ಬಂಧಿಸಿದರು. ನಿಜವಾದ ಸ್ವಯಂಸೇವಕರು ಒಂದು ರೂಪಾಯಿಯನ್ನೂ ಕೇಳುವುದಿಲ್ಲ.

ಬರೆಯುವ ಮನಸ್ಸಿರುವವರು ನಿಮ್ಮ ತಾಲ್ಲೂಕಿನ ಲೇಖನವನ್ನು ಕನ್ನಡ ವಿಕಿಪೀಡಿಯದಲ್ಲಿ ಒಮ್ಮೆ ತೆರೆದು ನೋಡಿ. ತಪ್ಪು ಕಂಡರೆ ತಿದ್ದಿ. ಗ್ರಂಥಾಲಯದ ಗ್ಯಾಸೆಟಿಯರಿನಿಂದಲೋ ಮನೆಯ ಕಪಾಟಿನ ಪುಸ್ತಕದಿಂದಲೋ ಒಂದು ವಿವರವನ್ನು ನಿಮ್ಮದೇ ಮಾತಿನಲ್ಲಿ ಸೇರಿಸಿ, ಪುಸ್ತಕದ ಹೆಸರು ಮತ್ತು ಪುಟಸಂಖ್ಯೆ ಕೊಡಿ. ಫೋಟೊ ಹಾಕುವುದಿದ್ದರೆ ನೀವೇ ತೆಗೆದದ್ದನ್ನು ಹಾಕಿ. ಯಾರಾದರೂ ಅಳಿಸಿದರೆ ಕೋಪ ಮಾಡಿಕೊಂಡು ಎದ್ದುಹೋಗದೆ, ಏಕೆಂದು ಅರಳಿ ಕಟ್ಟೆಯಲ್ಲಿ ಕೇಳಿ. ಉತ್ತರಿಸುವವರು ನೌಕರಿ, ಮನೆಗೆಲಸದ ನಡುವೆ ಬಿಡುವು ಮಾಡಿಕೊಂಡು ಬರುವವರಾದ್ದರಿಂದ ಒಂದೆರಡು ದಿನ ಕಾಯಬೇಕಾದೀತು.