ಗಂಜಿಯ ತಿಳಿಯೂ ನೀರೇ: ಡಯಾಲಿಸಿಸ್ ರೋಗಿಗಳಿಗೆ ದಾದಿಯರ ಪಾಠ

ಕಾಸರಗೋಡಿನ ನಮ್ಮ ಮನೆಗಳಲ್ಲಿ ಕಾಯಿಲೆ ಬಿದ್ದವರಿಗೆ ಮೊದಲು ಬಡಿಸುವುದು ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ. ನೋಡಲು ಬರುವವರು ಎಳನೀರನ್ನೋ ಕಿತ್ತಳೆಯನ್ನೋ ತರುತ್ತಾರೆ. ಮೂತ್ರಪಿಂಡ ವಿಫಲವಾಗಿ ಡಯಾಲಿಸಿಸ್‌ಗೆ ಒಳಗಾದವರಿಗೆ ಅಕ್ಕರೆಯ ಈ ಪದಾರ್ಥಗಳೇ ಅಪಾಯ ತರಬಲ್ಲವು. ಇದನ್ನು ಮನೆಯವರಿಗೆ ಮನಗಾಣಿಸುವ ಹೊಣೆ ಬಹುಮಟ್ಟಿಗೆ ಡಯಾಲಿಸಿಸ್ ಘಟಕದ ದಾದಿಯರ ಮೇಲಿದೆ.

ಆರೋಗ್ಯವಂತ ಮೂತ್ರಪಿಂಡ ವಾರದ 168 ಗಂಟೆಯೂ ದುಡಿಯುತ್ತದೆ. ಯಂತ್ರವಾದರೋ ಸಾಮಾನ್ಯವಾಗಿ ವಾರಕ್ಕೆ 3 ಬಾರಿ, ಪ್ರತಿ ಬಾರಿ ಸುಮಾರು 4 ಗಂಟೆ ಮಾತ್ರ. ಉಳಿದ ಅವಧಿಯಲ್ಲಿ ಕುಡಿದ ನೀರು, ತಿಂದ ಉಪ್ಪು ಬಹುಪಾಲು ದೇಹದಲ್ಲೇ ನಿಲ್ಲುತ್ತವೆ. ಆದುದರಿಂದಲೇ ದಾದಿಯರು ಮೊದಲು ರೋಗಿಯ ತೂಕ ನೋಡುತ್ತಾರೆ. ಹೆಚ್ಚುವರಿ ನೀರು ಹೊರಹೋದ ಬಳಿಕ ಇರಬೇಕಾದ ತೂಕಕ್ಕೆ ‘ಒಣ ತೂಕ’ ಎಂದು ಹೆಸರು. ಅದಕ್ಕಿಂತ 1 ಕಿಲೋ ಹೆಚ್ಚಿದ್ದರೆ ಸುಮಾರು 1 ಲೀಟರ್ ನೀರು ಸೇರಿದೆ ಎಂದರ್ಥ. ಮಿತಿ ಮೀರಿದರೆ ಕಾಲು ಊದಿಕೊಳ್ಳುತ್ತದೆ, ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರಾಟ ಕಷ್ಟವಾಗುತ್ತದೆ. ಅಷ್ಟನ್ನೂ ಯಂತ್ರದಿಂದ ಒಮ್ಮೆಲೇ ತೆಗೆಯಹೊರಟರೆ ರಕ್ತದೊತ್ತಡ ಕುಸಿಯಬಹುದು.

ದಿನಕ್ಕೆ ಎಷ್ಟು ಕುಡಿಯಬಹುದೆಂಬುದನ್ನು ವೈದ್ಯರು ಪ್ರತಿಯೊಬ್ಬರಿಗೂ ಬೇರೆಯಾಗಿ ನಿಗದಿಪಡಿಸುತ್ತಾರೆ. ಚಹಾ, ಮಜ್ಜಿಗೆ, ಸಾರು, ಗಂಜಿಯ ತಿಳಿ, ಎಲ್ಲವೂ ಆ ಲೆಕ್ಕಕ್ಕೆ ಸೇರುತ್ತವೆ. ದಾದಿಯರು ಕಲಿಸುವ ಸುಲಭ ಉಪಾಯ ಹೀಗಿದೆ: ದಿನದ ಪಾಲಿನಷ್ಟು ನೀರನ್ನು ಬೆಳಿಗ್ಗೆಯೇ ಒಂದು ಬಾಟಲಿಗೆ ಅಳೆದು ತುಂಬಿಡುವುದು, ಬೇರೇನನ್ನು ಕುಡಿದರೂ ಅಷ್ಟೇ ನೀರನ್ನು ಬಾಟಲಿಯಿಂದ ಚೆಲ್ಲುವುದು. ಬಾಟಲಿ ಬರಿದಾದರೆ ಆ ದಿನದ ಪಾಲು ಮುಗಿಯಿತು. ಬಾಯಾರಿಕೆಗೆ ಉಪ್ಪು ಮುಖ್ಯ ಕಾರಣವಾದುದರಿಂದ ಉಪ್ಪಿನಕಾಯಿ, ಹಪ್ಪಳ, ಒಣಮೀನುಗಳನ್ನು ದೂರವಿಡದೆ ನೀರನ್ನಷ್ಟೇ ಬಿಗಿಹಿಡಿದರೆ ರೋಗಿಗೆ ಅದು ಬರಿಯ ಹಿಂಸೆ.

ಎಳನೀರು, ಬಾಳೆಹಣ್ಣು, ಕಿತ್ತಳೆಗಳಲ್ಲಿ ಪೊಟ್ಯಾಸಿಯಂ ಅಧಿಕ. ರಕ್ತದಲ್ಲಿ ಅದು ಏರಿದರೆ ಹೃದಯದ ಬಡಿತವೇ ತಪ್ಪಬಹುದು. ತರಕಾರಿಯನ್ನು ಸಣ್ಣಗೆ ಹೆಚ್ಚಿ, ಧಾರಾಳ ನೀರಿನಲ್ಲಿ ಬೇಯಿಸಿ, ಆ ನೀರನ್ನು ಬಸಿದರೆ ಪೊಟ್ಯಾಸಿಯಂ ತಗ್ಗುತ್ತದೆ. ‘ಕಡಿಮೆ ಸೋಡಿಯಂ’ ಉಪ್ಪಿನಲ್ಲಿಯೂ ಪೊಟ್ಯಾಸಿಯಂ ಇರುವುದರಿಂದ ಅದು ಇವರಿಗೆ ಸಲ್ಲದು. ನಮ್ಮ ಹಿತ್ತಿಲ ದಾರೆಹುಳಿಯಂತೂ ಬೇಡವೇ ಬೇಡ. ಅದರಲ್ಲಿರುವ ವಿಷಾಂಶದಿಂದ ಮೂತ್ರಪಿಂಡ ರೋಗಿಗಳಲ್ಲಿ ನಿಲ್ಲದ ಬಿಕ್ಕಳಿಕೆ, ಬುದ್ಧಿಭ್ರಮಣೆ, ಅಪಸ್ಮಾರ ಉಂಟಾಗಬಹುದು.

ಹಾಗೆಂದು ಹೆದರಿ ಊಟವನ್ನೇ ಇಳಿಸುವುದೂ ತಪ್ಪು. ಡಯಾಲಿಸಿಸ್‌ನಲ್ಲಿ ದೇಹದ ಪ್ರೋಟೀನಿನ ಅಂಶಗಳು ನಷ್ಟವಾಗುವುದರಿಂದ ಮೊಟ್ಟೆಯ ಬಿಳಿ, ತಾಜಾ ಮೀನು ಮೊದಲಾದವು ವೈದ್ಯರು ಹೇಳಿದ ಪ್ರಮಾಣದಲ್ಲಿ ಬೇಕು.

ಇಷ್ಟೆಲ್ಲವನ್ನೂ ರೋಗಿ ಮಲಯಾಳದಲ್ಲಿ ಕೇಳಿ, ಅರ್ಧ ತಿಳಿದು ತಲೆಯಾಡಿಸಿ ಬಂದರೆ ಪ್ರಯೋಜನವಿಲ್ಲ. ಕೇಳಿದ್ದನ್ನು ಸ್ವಂತ ಮಾತಿನಲ್ಲಿ ಮರಳಿ ಹೇಳಿಸುವುದು ಒಳ್ಳೆಯ ದಾದಿಯರ ಕ್ರಮ. ತಿಳಿಯದಿದ್ದರೆ ಮತ್ತೊಮ್ಮೆ ಕೇಳಲು ನಾವು ಸಂಕೋಚಪಡಬಾರದು. ಮನೆಯ ಹಿರಿಯರೊಬ್ಬರು ಜತೆಗಿದ್ದು ಸೂಚನೆಗಳನ್ನು ಬರೆದುಕೊಳ್ಳಲಿ. ಕನ್ನಡ ಶಾಲೆಗೆ ಹೋಗುವ ಮಕ್ಕಳು ಅವನ್ನು ದೊಡ್ಡ ಅಕ್ಷರಗಳಲ್ಲಿ ಬರೆದು ಅಡುಗೆಮನೆಯಲ್ಲಿ ಅಂಟಿಸಲಿ. ಆದರೆ ದುಭಾಷಿಯ ಹೊರೆಯನ್ನು ಮಕ್ಕಳ ಮೇಲೆ ಹೊರಿಸುವುದು ಬೇಡ. ಕನ್ನಡ ಅಲ್ಪಸಂಖ್ಯಾತರು ಸರಕಾರದೊಡನೆ ತಮ್ಮ ಭಾಷೆಯಲ್ಲೇ ಪತ್ರವ್ಯವಹಾರ ಮಾಡುವುದನ್ನು ಕೇರಳದ 1969ರ ಅಧಿಕೃತ ಭಾಷಾ ಕಾಯಿದೆ ಮಾನ್ಯ ಮಾಡಿತು. ಪಥ್ಯದ ಒಂದು ಪುಟ ಕನ್ನಡದಲ್ಲಿ ಬೇಕೆಂದು ನಾವು ಕನ್ನಡದಲ್ಲೇ ಬರೆದು ಕೇಳೋಣ.