ಸಾಕೆನ್ನಲು ಬಾರದ ಬಕಾಸುರ

ಪಂಕ್ತಿಯಲ್ಲಿ ಕೂತವರು ಹೊಟ್ಟೆ ತುಂಬಿತೆಂದರೆ ಎಲೆಗೆ ಕೈ ಅಡ್ಡ ಹಿಡಿಯುತ್ತಾರೆ. ನಮ್ಮ ಜೀವಕೋಶಗಳಿಗೂ ಈ ರೀತಿ ಗೊತ್ತು. ಬೇಕಾದಷ್ಟು ಕೊಲೆಸ್ಟ್ರಾಲ್ ಒಳಗೆ ಬಂದ ಮೇಲೆ ಅವು ಬಾಗಿಲು ಮುಚ್ಚಿಕೊಳ್ಳುತ್ತ ಹೋಗುತ್ತವೆ. ಹಾಗಾದರೆ ಹೃದಯದ ರಕ್ತನಾಳದ ಗೋಡೆಯಲ್ಲಿ ಕೊಬ್ಬು ತಿಂದು ಊದಿಕೊಂಡ ಬಿಳಿ ರಕ್ತಕಣಗಳು ಸಿಗುವುದು ಹೇಗೆ?

ಇವು ಎದ್ದು ಕಂಡದ್ದು ಮೊಲಗಳಲ್ಲಿ. 1913ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ನಿಕೊಲಾಯ್ ಅನಿಚ್ಕೊವ್ ಮತ್ತು ಖಲಾತೊವ್ ಸೂರ್ಯಕಾಂತಿ ಎಣ್ಣೆಯಲ್ಲಿ ಕರಗಿಸಿದ ಕೊಲೆಸ್ಟ್ರಾಲನ್ನು ಮೊಲಗಳಿಗೆ ತಿನ್ನಿಸಿದರು. ಮಹಾಪಧಮನಿಯ ಗೋಡೆಯಲ್ಲಿ ಕೊಬ್ಬಿನ ಹನಿ ತುಂಬಿ ನೊರೆಯಂತೆ ಕಾಣುವ ಕಣಗಳು ಸಿಕ್ಕವು. ಇಲಿ, ನಾಯಿಗಳಲ್ಲಿ ಹೀಗಾಗಲಿಲ್ಲವೆಂದು ಹಲವರು ಕೊಲೆಸ್ಟ್ರಾಲಿನಿಂದಲೇ ಹೀಗಾಗುತ್ತದೆಂಬ ಮಾತನ್ನು ಬದಿಗಿಟ್ಟರು.

1970ರ ದಶಕದಲ್ಲಿ ಡಲ್ಲಾಸ್‌ನ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಎಲ್‌ಡಿಎಲ್ ಎಂಬ ಲೈಪೊಪ್ರೊಟೀನನ್ನು, ಅಂದರೆ ಕೊಲೆಸ್ಟ್ರಾಲ್ ಹೊತ್ತು ತಿರುಗುವ ಪೊಟ್ಟಣವನ್ನು, ಕೋಶದೊಳಕ್ಕೆ ಬಿಟ್ಟುಕೊಳ್ಳುವ ಬಾಗಿಲನ್ನು ಪತ್ತೆ ಹಚ್ಚಿದರು. ಒಗಟು ಬಿಚ್ಚಿತು ಅಂದುಕೊಳ್ಳುವಷ್ಟರಲ್ಲಿ ಇನ್ನಷ್ಟು ಗಂಟಾಯಿತು. ಆ ಬಾಗಿಲೇ ಇಲ್ಲದೆ ಹುಟ್ಟಿದ ಮಕ್ಕಳ ರಕ್ತನಾಳಗಳಲ್ಲೂ ನೊರೆಕಣಗಳಿದ್ದವು! ಹೀಗೆ ನೊರೆಕಣವಾಗುವ ಬಿಳಿ ರಕ್ತಕಣದ ಹೆಸರು ಮ್ಯಾಕ್ರೊಫೇಜ್. ಅದಕ್ಕೆ ಗ್ರೀಕಿನಲ್ಲಿ ದೊಡ್ಡ ತಿನ್ನುಬಾಕ ಎಂದರ್ಥ. ನಮ್ಮಲ್ಲಾದರೆ ಬಕಾಸುರ ಅನ್ನುತ್ತಿದ್ದೆವು. ಆದರೆ ಗಾಜಿನ ತಟ್ಟೆಯಲ್ಲಿ ಶುದ್ಧ ಎಲ್‌ಡಿಎಲ್ ಬಡಿಸಿದರೆ ಈ ಬಕಾಸುರ ಮೂಸಿ ನೋಡಿ ಸುಮ್ಮನಾಗುತ್ತಿತ್ತು.

ಈ ಕಥೆಯಲ್ಲಿ ನನಗೆ ಬಹಳ ಹಿಡಿಸುವ ಘಟ್ಟ 1979ರದು. ಬ್ರೌನ್, ಗೋಲ್ಡ್‌ಸ್ಟೀನ್ ಜೊತೆ ಹೋ ಮತ್ತು ಸಂದೀಪ್ ಬಸು ಸೇರಿ ಎಲ್‌ಡಿಎಲ್‌ನ ರಾಸಾಯನಿಕ ಚಹರೆಯನ್ನು ತುಸು ಬದಲಿಸಿ ಇಲಿಯ ಮ್ಯಾಕ್ರೊಫೇಜ್‌ಗೆ ಕೊಟ್ಟರು. ಅದು ಗಬಗಬನೆ ನುಂಗಿತು, ನುಂಗುತ್ತಲೇ ಹೋಯಿತು. ಅದು ನುಂಗಿದ್ದು ಇನ್ನೊಂದು ಬಾಗಿಲಿನಿಂದ. ಕೆಟ್ಟದ್ದನ್ನು ಗುಡಿಸಿ ಹಾಕಲೆಂದೇ ಇರುವ ಆ ಬಾಗಿಲಿಗೆ ಸಾಕೆನ್ನುವ ಪಾಠವಿರಲಿಲ್ಲ.

ದೇಹದೊಳಗೆ ಎಲ್‌ಡಿಎಲ್‌ನ ಚಹರೆ ಕೆಡಿಸುವವರು ಯಾರು? ರಕ್ತನಾಳದ ಗೋಡೆಯಲ್ಲಿ ಸಿಕ್ಕಿಬಿದ್ದ ಎಲ್‌ಡಿಎಲ್ ಆಕ್ಸಿಡೀಕರಣಗೊಂಡು ಕಮಟುತ್ತದೆ, ಹಳೆಯ ಎಣ್ಣೆಯಂತೆ, ಎಂದಿತು ಕ್ಯಾಲಿಫೋರ್ನಿಯಾದ ಡೇನಿಯಲ್ ಸ್ಟೈನ್‌ಬರ್ಗ್ ಬಳಗ. ಹಾಗಿದ್ದರೆ ಕಮಟು ತಡೆಯುವ ವಿಟಮಿನ್ ಇ ನುಂಗಿದರಾಯಿತು ಎಂಬ ಆಸೆ ಹುಟ್ಟಿತು. 9 ಸಾವಿರಕ್ಕೂ ಹೆಚ್ಚು ಮಂದಿಯ ಮೇಲೆ ನಡೆದ ಪ್ರಯೋಗದ ಹೆಸರೇ ‘ಹೋಪ್’. 2000ದಲ್ಲಿ ಬಂದ ಅದರ ಫಲಿತಾಂಶದಲ್ಲಿ ಆ ವಿಟಮಿನ್‌ನಿಂದ ಹೃದಯಕ್ಕೆ ಏನೂ ಲಾಭ ಕಾಣಲಿಲ್ಲ.

ಕಮಟು ತಡೆಯುವ ಬದಲು ಎಲ್‌ಡಿಎಲ್ ಅನ್ನೇ ಇಳಿಸಲು ಇವತ್ತು ವೈದ್ಯರು ಬರೆದುಕೊಡುವ ಸ್ಟ್ಯಾಟಿನ್ ಮಾತ್ರೆ ಮುಖ್ಯವಾಗಿ ಕೆಲಸ ಮಾಡುವುದು ಯಕೃತ್ತಿನಲ್ಲಿ. ಅಲ್ಲಿನ ಕೋಶಗಳು ಹೆಚ್ಚು ಬಾಗಿಲು ತೆರೆದು ರಕ್ತದ ಎಲ್‌ಡಿಎಲ್ ಅನ್ನು ಒಳಗೆಳೆದುಕೊಳ್ಳುತ್ತವೆ. ಬಕಾಸುರನ ಗಾಡಿಗೆ ಹೇರುವ ಅನ್ನ ಅಷ್ಟು ಕಡಿಮೆ.