ಹೊಸೆದಾಗ ಹುಟ್ಟುವ ಬಲ

ತೆಂಗಿನ ಸಿಪ್ಪೆಯಿಂದ ಬಿಡಿಸಿದ ನಾರಿನ ಎಳೆ ಒಂದು ಗೇಣು ಉದ್ದವಿದ್ದರೆ ಹೆಚ್ಚು. ಅಂಥ ಎಳೆಗಳಿಂದಲೇ ಮಾಡಿದ ಕತ್ತದ ಹಗ್ಗ ನೂರಾರು ಅಡಿ ಸಾಗುತ್ತದೆ, ದೋಣಿಯನ್ನು ಲಂಗರಿಗೆ ಕಟ್ಟಿ ನಿಲ್ಲಿಸುತ್ತದೆ. ಈ ತುದಿಯಿಂದ ಆ ತುದಿಗೆ ಹೋದ ಎಳೆ ಅದರಲ್ಲಿ ಒಂದೂ ಇಲ್ಲ. ಗಂಟಿಲ್ಲ, ಅಂಟಿಲ್ಲ. ಆದರೂ ಜಗ್ಗಿದರೆ ಎಳೆಗಳು ಜಾರಿ ಬೇರೆಯಾಗುವುದಿಲ್ಲ. ಯಾಕೆ? 1638ರಲ್ಲಿ ಪ್ರಕಟವಾದ ತನ್ನ ಕೊನೆಯ ಗ್ರಂಥದಲ್ಲಿ ಗೆಲಿಲಿಯೊ ಕೂಡ ಇದೇ ಪ್ರಶ್ನೆಯನ್ನು ಎತ್ತಿಕೊಂಡಿದ್ದ.

ಉತ್ತರವಿರುವುದು ಹೊಸೆತದಲ್ಲಿ. ಹೊಸೆದ ಎಳೆಗಳು ಒಂದರ ಮೇಲೊಂದು ಸುರುಳಿಯಾಗಿ ಕೂತಿರುತ್ತವೆ. ಜಗ್ಗಿದಷ್ಟೂ ಸುರುಳಿ ಬಿಗಿಯುತ್ತದೆ, ಬಿಗಿದಷ್ಟೂ ಎಳೆಗಳು ಪರಸ್ಪರ ಒತ್ತುತ್ತವೆ, ಒತ್ತಿದಷ್ಟೂ ಘರ್ಷಣೆ ಹೆಚ್ಚುತ್ತದೆ. ಕಿತ್ತುಹಾಕಲು ಹೊರಟ ಬಲವೇ ಹಿಡಿದಿಡುವ ಬಲವಾಗುತ್ತದೆ. ಸುತ್ತು ಕೂಡಿದಂತೆ ಹಿಡಿತ ಎಷ್ಟು ವೇಗವಾಗಿ ಏರುತ್ತದೆ ಎಂಬುದನ್ನು ಹೊನ್ನಾವರದ ಕಾಸರಕೋಡಿನಲ್ಲಿ ಬೋಟಿನ ಹಗ್ಗವನ್ನು ಕಂಬಕ್ಕೆ ಸುತ್ತುವಾಗ ಕಾಣಬಹುದು. ಘರ್ಷಣಾಂಕ 0.3 ಎಂದಿಟ್ಟುಕೊಳ್ಳೋಣ. ಒಂದು ಸುತ್ತಿಗೆ ಹಿಡಿತ ಸುಮಾರು ಆರೂವರೆ ಪಟ್ಟು. ಎರಡು ಸುತ್ತಿಗೆ ಅದು ಹದಿಮೂರಲ್ಲ, 40ಕ್ಕೂ ಮಿಕ್ಕಿ. ಮೂರನೇ ಸುತ್ತಿಗೆ 280 ದಾಟುತ್ತದೆ. ಐದು ಕಿಲೋ ಭಾರದಷ್ಟು ಬಲದಲ್ಲಿ ತುದಿ ಹಿಡಿದು ನಿಂತ ಹುಡುಗ ಒಂದು ಟನ್ನಿಗೂ ಹೆಚ್ಚಿನ ಜಗ್ಗನ್ನು ತಡೆಯಬಲ್ಲ.

ಹಗ್ಗ ತಾನಾಗಿ ಬಿಚ್ಚಿಕೊಳ್ಳದಿರಲು ಇನ್ನೊಂದು ಉಪಾಯವಿದೆ. ನಾರನ್ನು ಒಂದು ದಿಕ್ಕಿಗೆ ಹೊಸೆದು ಹುರಿ ಮಾಡುತ್ತಾರೆ, ಹುರಿಗಳನ್ನು ಎದುರು ದಿಕ್ಕಿಗೆ ಹೊಸೆದು ಹಗ್ಗ ಮಾಡುತ್ತಾರೆ. ಹಗ್ಗ ಸಡಿಲಾಗಲು ಹೊರಟರೆ ಹುರಿ ಇನ್ನೂ ಬಿಗಿಯಬೇಕಾಗುತ್ತದೆ, ಹಾಗಾಗಿ ಎರಡೂ ಇದ್ದಲ್ಲೇ ಉಳಿಯುತ್ತವೆ. ಹಿಂದಿನ ನಾವಿಕರು ಅಂಥ ಮೂರು ಹಗ್ಗಗಳನ್ನು ಮತ್ತೆ ಹೊಸೆದು ಲಂಗರಿಗೆ ಕಟ್ಟುತ್ತಿದ್ದರು. ಕೇಬಲ್ ಎಂದರೆ ಮೊದಲು ಆ ದಪ್ಪ ಹಗ್ಗವೇ. ನಾವಿಕ ಮೈಲಿಯ ಹತ್ತನೇ ಒಂದು ಭಾಗಕ್ಕೆ, ಎಂದರೆ ಸುಮಾರು 185 ಮೀಟರಿಗೆ, ಸಮುದ್ರದ ಅಳತೆಯಲ್ಲಿ ಇಂದಿಗೂ ಅದೇ ಹೆಸರು.

14ನೇ ಶತಮಾನದಲ್ಲಿ ಹೊನ್ನಾವರದಲ್ಲಿ ಉಳಿದು ಹೋದ ಪ್ರವಾಸಿ ಇಬ್ನ್ ಬತೂತ, ಈ ಕಡಲಿನ ಹಡಗುಗಳ ಹಲಗೆಗಳನ್ನು ಮೊಳೆಯಿಂದ ಬಿಗಿಯದೆ ಕತ್ತದ ಹುರಿಯಿಂದ ಹೊಲಿಯುತ್ತಾರೆ ಎಂದು ಬರೆದಿದ್ದಾನೆ. ಬಂಡೆಗೆ ತಾಗಿದರೆ ಮೊಳೆಯ ಹಡಗು ಒಡೆಯುತ್ತದೆ, ಹೊಲಿದ ಹಡಗು ಬಾಗಿ ಬದುಕುತ್ತದೆ ಎಂಬುದು ಅವನ ವಿವರಣೆ. ತೆಂಗಿನ ನಾರಿನಲ್ಲಿ ಲಿಗ್ನಿನ್ ಹೆಚ್ಚು. ಉಪ್ಪುನೀರಿನಲ್ಲಿ ಬೇಗ ಕೊಳೆಯದಿರಲು ಅದೇ ಕಾರಣ.

ನಾರಿನ ಜಾಗಕ್ಕೆ ಹೊಸೆದ ಕಬ್ಬಿಣದ ತಂತಿ ಬಂದದ್ದು 1834ರಲ್ಲಿ, ಜರ್ಮನಿಯ ಹಾರ್ಟ್ಸ್ ಬೆಟ್ಟಗಳ ಗಣಿಗಳಲ್ಲಿ. ಸರಪಳಿಯ ಒಂದು ಕೊಂಡಿ ಹೋದರೆ ಎಲ್ಲವೂ ಹೋಯಿತು. ಹೊಸೆದ ತಂತಿಯಲ್ಲಿ ಒಂದೆಳೆ ಕಡಿದರೆ ಘರ್ಷಣೆಯೇ ಅದರ ಭಾರವನ್ನು ಪಕ್ಕದ ಎಳೆಗಳಿಗೆ ದಾಟಿಸುತ್ತದೆ. ಟ್ರಾಲ್ ಬೋಟಿನ ವಿಂಚಿಗೆ ಸುತ್ತಿರುವ ವೈರ್ ರೋಪ್ ಇದೇ ವಂಶದ್ದು.

ಟೆಲಿಫೋನ್ ಕೇಬಲ್ಲಿನಲ್ಲೂ ತಂತಿಗಳನ್ನು ಜೋಡಿಯಾಗಿ ಹೊಸೆದಿರುತ್ತಾರೆ, ಆದರೆ ಬಲಕ್ಕಾಗಿ ಅಲ್ಲ. ಹೊರಗಿನ ವಿದ್ಯುತ್ ಗದ್ದಲ ಎರಡೂ ತಂತಿಗೆ ಸಮನಾಗಿ ತಾಗಿ, ಕೊನೆಗೆ ವಜಾ ಆಗಲಿ ಎಂದು. ಭಟ್ಕಳದ ಮನೆಯಿಂದ ದುಬೈಗೆ ಮಾಡುವ ವಿಡಿಯೊ ಕರೆ ಸಮುದ್ರತಳದಲ್ಲಿ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ವೇಗದಲ್ಲಿ ಗಾಜಿನ ಎಳೆಯೊಳಗೆ ಓಡುತ್ತದೆ. ಅಲ್ಲಿ ಗಾಜನ್ನು ಬೇಕೆಂದೇ ಸಡಿಲವಾಗಿ ಇಟ್ಟಿರುತ್ತಾರೆ. ಜಗ್ಗನ್ನು ತಾಳುವುದು ಸುತ್ತಲಿನ ಉಕ್ಕು.

ನನಗೆ ಇವೆಲ್ಲಕ್ಕಿಂತ ಮುಖ್ಯವಾಗಿ ತೋರುವುದು ಕಣ್ಣಿಗೇ ಬೀಳದ ಕೇಬಲ್. ಹೊನ್ನಾವರದಲ್ಲಿ ಶರಾವತಿಯನ್ನು ದಾಟುವ ರೈಲು ಸೇತುವೆ ಕೊಂಕಣ ರೈಲು ಮಾರ್ಗದಲ್ಲೇ ಅತಿ ಉದ್ದದ್ದು, 2 ಕಿಲೋಮೀಟರಿಗೂ ಹೆಚ್ಚು. ಕಾಂಕ್ರೀಟ್ ಒತ್ತಿದರೆ ತಾಳುತ್ತದೆ, ಎಳೆದರೆ ಬಿರಿಯುತ್ತದೆ. ಅದಕ್ಕಾಗಿ ಇಂಥ ಸೇತುವೆಗಳ ತೊಲೆಯೊಳಗೆ ಕೊಳವೆ ಬಿಟ್ಟು, ಉಕ್ಕಿನ ಕೇಬಲ್ ತೂರಿಸಿ, ಜ್ಯಾಕಿನಿಂದ ಬಲವಾಗಿ ಎಳೆದು, ತುದಿಗಳಲ್ಲಿ ಬೆಣೆ ಹೊಡೆದು ಬಿಗಿಯುತ್ತಾರೆ. ಎಳೆಸಿಕೊಂಡ ಉಕ್ಕು ಹಿಂದಕ್ಕೆ ಕುಗ್ಗಲು ಹವಣಿಸುತ್ತ ಕಾಂಕ್ರೀಟನ್ನು ಸದಾ ಅದುಮಿ ಹಿಡಿದಿರುತ್ತದೆ. ರೈಲಿನ ಭಾರ ಮೊದಲು ಈ ಅದುಮನ್ನು ಮೀರಬೇಕು, ಬಿರುಕಿನ ಮಾತು ಆಮೇಲೆ. ಫ್ರಾನ್ಸಿನ ಎಂಜಿನಿಯರ್ ಯೂಜೀನ್ ಫ್ರೆಸಿನೆ 1928ರಲ್ಲಿ ಪೇಟೆಂಟ್ ಪಡೆದ ವಿದ್ಯೆ ಇದು.

ಕೊನೆಯಲ್ಲಿ ಕೊಳವೆಗೆ ಸಿಮೆಂಟ್ ಹಾಲು ತುಂಬುತ್ತಾರೆ. ಸಿಮೆಂಟಿನ ಕ್ಷಾರ ಉಕ್ಕಿಗೆ ತುಕ್ಕು ತಗಲದಂತೆ ಕಾಯುತ್ತದೆ. ಎಲ್ಲಾದರೂ ಪೊಳ್ಳು ಉಳಿದು ಕರಾವಳಿಯ ಉಪ್ಪು ತೇವ ಒಳಗೆ ಇಳಿಯಿತೋ, ಕ್ಲೋರೈಡ್ ಆ ರಕ್ಷಣೆಯನ್ನು ಮುರಿಯುತ್ತದೆ. ಬಿಗಿದು ನಿಂತ ತಂತಿ ತುಕ್ಕು ಹಿಡಿದರೆ ಮುನ್ಸೂಚನೆಯಿಲ್ಲದೆ ತುಂಡಾಗುತ್ತದೆ. ಪಣಜಿಯಲ್ಲಿ ಮಾಂಡೋವಿ ಸೇತುವೆ 1986ರ ಜುಲೈ 5ರಂದು ಕುಸಿದದ್ದಕ್ಕೆ ಇಂಥ ಕೇಬಲ್‌ಗಳ ತುಕ್ಕು ಕಾರಣವಾಗಿತ್ತು. ಬೋಟಿನ ವೈರ್ ರೋಪಿನಲ್ಲಿ ಕಡಿದ ಎಳೆ ಕೈಗೆ ಚುಚ್ಚಿ ತಿಳಿಸುತ್ತದೆ. ಸೇತುವೆಯೊಳಗಿನದಕ್ಕೆ ಆ ದಾರಿಯಿಲ್ಲ. ಕುಮಟಾದ ಅಘನಾಶಿನಿಯಿಂದ ಭಟ್ಕಳದ ಹೊಳೆಗಳವರೆಗೆ ಇಂಥ ಸೇತುವೆ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಮೇಲ್ಮೈಗೆ ಬಣ್ಣ ಬಳಿದರೆ ಸಾಲದು, ಒಳಗಿನ ತಪಾಸಣೆ ಬೇಕು. ಅದಕ್ಕೆ ಉಪಕರಣಗಳಿವೆ: ಶ್ರವಣಾತೀತ ಧ್ವನಿ ಕಳಿಸಿ ಪ್ರತಿಧ್ವನಿಯಿಂದ ಪೊಳ್ಳನ್ನು ಪತ್ತೆ ಮಾಡಬಹುದು, ಕಾಂತಕ್ಷೇತ್ರ ಹಾಯಿಸಿ ತಂತಿ ತುಂಡಾದಲ್ಲಿ ಅದು ಸೋರುವುದನ್ನು ಅಳೆಯಬಹುದು.